ಗೊನೆ ಕಾಣೋದು ಅಕ್ಟೋಬರಿನಲ್ಲಿ, ಹುಟ್ಟೋದು ಏಪ್ರಿಲ್ ಚಾಟ್ನಿಯಲ್ಲಿ

ಮಾರ್ಚ್ ಕೊನೆ ಬಂತಂದ್ರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆಗಳು ಬರೋಕೆ ಶುರುವಾಗುತ್ತವೆ. "ಸರ್, ಒಣದ್ರಾಕ್ಷಿಗೆ ರೇಟ್ ಇಲ್ಲ, ಕೈಯಾಗ ರೊಕ್ಕ ಇಲ್ಲ. ಏಪ್ರಿಲ್ ಚಾಟ್ನಿ ಒಂದ್ ತಿಂಗಳ ಮುಂದ ಹಾಕಿದ್ರ ನಡೀತೈತೇನ್ರಿ?" ಕೇಳುವವರು ಹೆಚ್ಚಿನವರು ಇಪ್ಪತ್ತೈದು, ಮೂವತ್ತರ ಆಸುಪಾಸಿನ ಹುಡುಗರು. ಅಪ್ಪನಿಂದ ತೋಟ ಕೈಗೆ ಬಂದಿದೆ, ಸಾಲವೂ ಬಂದಿದೆ.

ನನ್ನ ಉತ್ತರ ಪ್ರತಿ ವರ್ಷ ಒಂದೇ: ನಡೆಯೋದಿಲ್ಲ. ಖರ್ಚು ಉಳಿಸಬೇಕಾದರೆ ಬೇರೆ ಕಡೆ ಉಳಿಸಿ. ಏಪ್ರಿಲ್ ಚಾಟ್ನಿಯ ತಾರೀಖು ಮಾತ್ರ ಮುಂದೆ ಹಾಕಬೇಡಿ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅನ್ನೋದಕ್ಕೆ ಈ ಲೇಖನ. ನಾನು ಬಾಗಲಕೋಟೆಯಲ್ಲಿ ತೋಟಗಾರಿಕೆ ಪದವಿ ಓದಿದವನು. ಕೆಲವು ವರ್ಷ ನೌಕರಿ ಮಾಡಿ ಬಿಟ್ಟು, ತಿಕೋಟಾ ಭಾಗದ ನಮ್ಮ ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್ ತೋಟವನ್ನು ಸಾವಯವಕ್ಕೆ ತಿರುಗಿಸಿದವನು. ಓದಿನಲ್ಲಿ ಚಾಟ್ನಿ ಬಗ್ಗೆ ಒಂದು ಪಾಠ ಇತ್ತು, ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಆದರೆ ಅದು ನಿಜವಾಗಿ ಅರ್ಥವಾಗಿದ್ದು 2020ರಲ್ಲಿ.

ಒಂದೇ ತೋಟ, ಎರಡು ತಾರೀಖು

ಆ ವರ್ಷ ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಬಿತ್ತು. ನಮ್ಮ ಕೊಯ್ಲು ಮುಗಿದು ಹಣ್ಣು ಶೆಡ್ಡಿನಲ್ಲಿತ್ತು. ಏಪ್ರಿಲ್ ಮೊದಲ ವಾರ ಚಾಟ್ನಿಗೆ ಬರಬೇಕಿದ್ದ ಗ್ಯಾಂಗ್ ಬರಲಿಲ್ಲ. ಅಪ್ಪ, ನಾನು, ಹೆಂಡತಿ, ತಮ್ಮ ನಾಲ್ಕೂ ಜನ ಕತ್ತರಿ ಹಿಡಿದೆವು. ಬೆಳಗ್ಗೆ ಆರಕ್ಕೆ ಶುರು, ಬಿಸಿಲೇರಿದ ಮೇಲೆ ಬಂದ್, ಮತ್ತೆ ಸಂಜೆ. ಅಂಗೈ ಬೊಬ್ಬೆ ಬಂದು ಬಟ್ಟೆ ಸುತ್ತಿಕೊಂಡು ಕತ್ತರಿಸಿದೆವು. ಹನ್ನೆರಡು ದಿನದಲ್ಲಿ ಎರಡು ಎಕರೆ ಮುಗೀತು. ಉಳಿದ ಎರಡು ಎಕರೆ ನೋಡಿ ಅಪ್ಪ ಅಂದ್ರು, "ಸಾಕಪ್ಪ, ಗ್ಯಾಂಗ್ ಬರ್ಲಿ." ಗ್ಯಾಂಗ್ ಬಂದಿದ್ದು ಮೇ 20ರ ಹೊತ್ತಿಗೆ.

ಹೀಗೆ ಯಾವ ಯೋಜನೆಯೂ ಇಲ್ಲದೆ ನಮ್ಮ ತೋಟದಲ್ಲಿ ಒಂದು ಪ್ರಯೋಗ ನಡೆದುಹೋಯಿತು. ಒಂದೇ ಮಣ್ಣು, ಒಂದೇ ಡಾಗ್‌ರಿಜ್ ಬೇರುಸಸಿ, ಒಂದೇ ಬಾವಿ ನೀರು, ಒಂದೇ ಗೊಬ್ಬರ. ವ್ಯತ್ಯಾಸ ಸುಮಾರು ನಲವತ್ತು ದಿನ ಮಾತ್ರ. ಮಳೆಗಾಲದಲ್ಲಿ ನೋಡಿದರೆ ಎರಡೂ ತುಂಡು ಹಸಿರಾಗಿಯೇ ಇದ್ದವು. ತಡವಾಗಿ ಕತ್ತರಿಸಿದ ತುಂಡು ಇನ್ನೂ ದಟ್ಟವಾಗಿತ್ತು. ದಾರಿಯಲ್ಲಿ ಹೋಗುವವರು ಅದನ್ನೇ ನೋಡಿ "ಮಸ್ತ್ ಐತಿ" ಅಂತಿದ್ದರು.

ಅಕ್ಟೋಬರ್ ಚಾಟ್ನಿ ಆಗಿ ಹದಿನೈದು ದಿನಕ್ಕೆ ಸತ್ಯ ಗೊತ್ತಾಯಿತು. ಪ್ರತಿ ತುಂಡಿನಲ್ಲಿ ಹತ್ತು ಹತ್ತು ಬಳ್ಳಿ ಹಿಡಿದು ಎಣಿಸಿದೆ. ನಾವು ಕೈಯಾರೆ ಕತ್ತರಿಸಿದ ತುಂಡಿನಲ್ಲಿ ಬಳ್ಳಿಗೆ ಸರಾಸರಿ 32 ಗೊನೆ. ತಡವಾದ ತುಂಡಿನಲ್ಲಿ 11. ಕುಡಿ ಬೇಕಾದಷ್ಟು ಬಂದಿತ್ತು, ಆದರೆ ಗೊನೆ ಇರಬೇಕಾದ ಜಾಗದಲ್ಲಿ ತೆಳ್ಳಗಿನ ಸುರುಳಿ ತಂತು. ಅದರ ಮೇಲೆ ಆ ವರ್ಷದ ಅಕ್ಟೋಬರ್ ಮಳೆ ನಿಮಗೆಲ್ಲ ನೆನಪಿರಬಹುದು. ಡೌನಿ ಬಂದು ಇದ್ದದ್ದರಲ್ಲೂ ಸ್ವಲ್ಪ ಹೋಯಿತು. ಮೊದಲ ತುಂಡಿನಲ್ಲಿ ಎಕರೆಗೆ ಎರಡು ಟನ್ ಆಸುಪಾಸು ಒಣದ್ರಾಕ್ಷಿ ಸಿಕ್ಕರೆ, ಎರಡನೆಯದರಲ್ಲಿ ಏಳು ಕ್ವಿಂಟಲ್. ಶೆಡ್ಡಿನ ಖರ್ಚು ಕಳೆದರೆ ಆ ಎರಡು ಎಕರೆ ನಮಗೆ ಸಾಲವನ್ನೇ ಬಿಟ್ಟುಹೋಯಿತು.

ಅವತ್ತು ಅಪ್ಪ ಸುಮ್ಮನೆ ಚಪ್ಪರದ ಕೆಳಗೆ ನಿಂತು ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಬೈಯಲಿಲ್ಲ. "ಅದೂ ನಾವ ಮಾಡಬೇಕಿತ್ತೇನೋ" ಅಂದರು, ಅಷ್ಟೇ.

ಕಣ್ಣಿನ ಒಳಗೆ ನಡೆಯೋದು ಏನು?

ಶೀತ ದೇಶಗಳಲ್ಲಿ ದ್ರಾಕ್ಷಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ಅಲ್ಲಿನವರು ಆಗ ಒಮ್ಮೆ ಕತ್ತರಿಸುತ್ತಾರೆ, ವಸಂತಕ್ಕೆ ಬಳ್ಳಿ ತಾನೇ ಎದ್ದು ಹೂ ಬಿಡುತ್ತದೆ. ನಮ್ಮಲ್ಲಿ ಆ ಚಳಿ ಇಲ್ಲ. ಬಳ್ಳಿ ಮಲಗೋದೇ ಇಲ್ಲ, ತುದಿಯಲ್ಲಿ ಬೆಳೀತಾನೇ ಇರುತ್ತದೆ. ಹಾಗೇ ಬಿಟ್ಟರೆ ಕೆಳಗಿನ ಕಣ್ಣುಗಳು ಕುರುಡಾಗಿ, ಹಣ್ಣು ವರ್ಷದಿಂದ ವರ್ಷಕ್ಕೆ ದೂರ ದೂರ ಹೋಗುತ್ತದೆ. ಅದಕ್ಕೆ ವಿಜಯಪುರ, ಬಾಗಲಕೋಟೆ, ಅಥಣಿ, ಆ ಕಡೆ ಸಾಂಗ್ಲಿ, ಸೋಲಾಪುರದವರೆಗೂ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ ಅನ್ನೋ ಪದ್ಧತಿ ಬಂತು.

ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಕಡ್ಡಿಯನ್ನು ಒಂದು ಕಣ್ಣಿಗೆ ಕತ್ತರಿಸುತ್ತೇವೆ. ಹಣ್ಣಿಗಲ್ಲ, ಹೊಸ ಕಡ್ಡಿಗೆ. ಅಕ್ಟೋಬರ್‌ನಲ್ಲಿ ಆ ಹೊಸ ಕಡ್ಡಿಯನ್ನು ಆರೇಳು ಕಣ್ಣು ಬಿಟ್ಟು ಕತ್ತರಿಸುತ್ತೇವೆ. ಇದು ಹಣ್ಣಿಗೆ. ಹೆಸರಿನಲ್ಲೇ ಅಕ್ಟೋಬರಿನದು 'ಹಣ್ಣಿನ ಚಾಟ್ನಿ' ಆಗಿಬಿಟ್ಟಿದ್ದರಿಂದ ನಮ್ಮ ಗಮನ, ನಮ್ಮ ರೊಕ್ಕ, ನಮ್ಮ ಔಷಧ ಎಲ್ಲ ಅಲ್ಲಿಗೇ ಹೋಗುತ್ತದೆ.

ಆದರೆ ಗೊನೆ ತಯಾರಾಗೋದು ಅಕ್ಟೋಬರಿನಲ್ಲಿ ಅಲ್ಲ. ಏಪ್ರಿಲ್ ಚಾಟ್ನಿಯಾಗಿ ಸುಮಾರು 40ರಿಂದ 60–70 ದಿನಗಳ ನಡುವೆ, ಪ್ರತಿ ಎಲೆಯ ಬುಡದ ಕಣ್ಣಿನೊಳಗೆ ಒಂದು ಸಣ್ಣ ಮೊಳಕೆ ರೂಪುಗೊಳ್ಳುತ್ತದೆ. ಆ ಹೊತ್ತಿಗೆ ಅದು ಗೊನೆಯೂ ಆಗಬಹುದು, ತಂತುವೂ ಆಗಬಹುದು. ಬಿಸಿಲು ಚೆನ್ನಾಗಿ ಬಿದ್ದು, ಬೆಳವಣಿಗೆಯ ಓಟ ಸ್ವಲ್ಪ ನಿಧಾನವಾಗಿ, ಬೇರಿನಿಂದ ಬರುವ ಸೈಟೋಕೈನಿನ್ ಮೇಲುಗೈ ಆದರೆ ಗೊನೆಯಾಗುತ್ತದೆ. ಮೋಡ, ನೆರಳು, ಹೆಚ್ಚು ಸಾರಜನಕ, ಹೆಚ್ಚು ನೀರು ಸೇರಿ ಜಿಬ್ಬರೆಲಿನ್ ಮೇಲುಗೈ ಆದರೆ ತಂತುವಾಗುತ್ತದೆ. ಆಮೇಲೆ ಅಕ್ಟೋಬರಿನಲ್ಲಿ ನೀವು ಏನೇ ಸಿಂಪಡಿಸಿದರೂ ತಂತುವನ್ನು ಗೊನೆ ಮಾಡೋಕೆ ಆಗೋದಿಲ್ಲ.

ಈಗ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿ. ಏಪ್ರಿಲ್ 10ಕ್ಕೆ ಚಾಟ್ನಿ ಮಾಡಿದರೆ ಆ 40–60 ದಿನ ಬರೋದು ಮೇ 20ರಿಂದ ಜೂನ್ 10ರ ತನಕ. ನಮ್ಮ ಕಡೆ ಆಗ ಬಿಸಿಲಿಗೆ ಬರವಿಲ್ಲ. ಮೇ 20ಕ್ಕೆ ಮಾಡಿದರೆ ಅದೇ ಕಾಲ ಜೂನ್ ಕೊನೆಯಿಂದ ಜುಲೈ 20ರ ತನಕ ಹೋಗುತ್ತದೆ. ಮಳೆ ಬರಲಿ ಬಿಡಲಿ, ಮೋಡ ಮಾತ್ರ ತಪ್ಪದೆ ಬಂದು ಕೂತಿರುತ್ತದೆ. ನಮ್ಮ ಎರಡನೇ ತುಂಡಿಗೆ ಆಗಿದ್ದು ಇದೇ.

ಒಂದು ತಡ ಇನ್ನೊಂದು ತಡವನ್ನು ಹುಟ್ಟಿಸುತ್ತೆ

ಇನ್ನೊಂದು ವಿಷಯ ಯುವಕರು ಗಮನಿಸೋದಿಲ್ಲ. ಎರಡು ಚಾಟ್ನಿ ಒಂದು ಸರಪಳಿ ಇದ್ದ ಹಾಗೆ.

ಅಕ್ಟೋಬರ್ 10ಕ್ಕೆ ಚಾಟ್ನಿ ಮಾಡಿದರೆ ಒಣದ್ರಾಕ್ಷಿಗೆ ಬೇಕಾದ 22 ಬ್ರಿಕ್ಸ್ ಸಕ್ಕರೆ ತುಂಬೋಕೆ ಸುಮಾರು 140 ದಿನ, ಅಂದರೆ ಫೆಬ್ರವರಿ ಕೊನೆ. ಮಾರ್ಚ್ ಒಣ ಹವೆಯಲ್ಲಿ ಶೆಡ್ಡಿನಲ್ಲಿ ಚೆನ್ನಾಗಿ ಒಣಗುತ್ತದೆ. ಬಳ್ಳಿಗೆ ಮೂರು ನಾಲ್ಕು ವಾರ ವಿಶ್ರಾಂತಿ ಸಿಗುತ್ತದೆ. ಏಪ್ರಿಲ್ ಮೊದಲ ವಾರಕ್ಕೆ ಮತ್ತೆ ಚಾಟ್ನಿಗೆ ತಯಾರು.

ಅದೇ ಮಳೆಗೆ ಹೆದರಿ ನವೆಂಬರ್ 15ಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ಚಳಿಗೆ ಕಣ್ಣು ಒಡೆಯೋದು ನಿಧಾನ, ಒಂದೇ ಸಮನೆ ಒಡೆಯೋದೂ ಇಲ್ಲ. ಕೊಯ್ಲು ಏಪ್ರಿಲ್‌ಗೆ ಹೋಗುತ್ತದೆ. ಶೆಡ್ಡಿನಲ್ಲಿ ಹಣ್ಣು ಇರೋವಾಗಲೇ ಅಡ್ಡಮಳೆ, ಗಾಳಿ. ಬಳ್ಳಿಗೆ ವಿಶ್ರಾಂತಿ ಕೊಟ್ಟರೆ ಮುಂದಿನ ಚಾಟ್ನಿ ಮೇ ಹತ್ತಿರಕ್ಕೆ, ಕೊಡದಿದ್ದರೆ ಬಳ್ಳಿ ಸೊರಗುತ್ತದೆ. ಆ ತಡದ ಪೆಟ್ಟು ಬರೋ ವರ್ಷದ ಗೊನೆ ಮೇಲೆ. ಒಮ್ಮೆ ಸರಪಳಿ ಜಾರಿದರೆ ಮತ್ತೆ ಸರಿ ದಾರಿಗೆ ತರೋಕೆ ಎರಡು ವರ್ಷ ಬೇಕು. ನಾನು ಇದನ್ನು ಅನುಭವಿಸಿಯೇ ಹೇಳ್ತಿದ್ದೀನಿ.

"ನೀರಿಲ್ಲ, ಆಳಿಲ್ಲ, ರೇಟಿಲ್ಲ"

ನನ್ನ ಮಾತಿಗೆ ಎದುರು ಬರುವ ಮೂರು ವಾದಗಳು ಇವು. ಮೂರೂ ಸುಳ್ಳಲ್ಲ. ಅದಕ್ಕೇ ಒಂದೊಂದಾಗಿ ಹೇಳ್ತೀನಿ.

ನೀರಿಲ್ಲ: ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿದ ಭಾಗ ನಮ್ಮದು. ಏಪ್ರಿಲ್, ಮೇನಲ್ಲಿ ಹೊಸ ಚಿಗುರಿಗೆ ನೀರು ಬೇಕೇ ಬೇಕು. ಆದರೆ "ಮಳೆ ಬರ್ಲಿ, ಆಮ್ಯಾಲ ಚಾಟ್ನಿ ಮಾಡೂಣು" ಅನ್ನೋದು ನೀರು ಉಳಿಸಿ ಬೆಳೆ ಕಳೆದುಕೊಳ್ಳೋ ಲೆಕ್ಕ. ಇದ್ದ ನೀರಿಗೆ ತಕ್ಕ ಹಾಗೆ ಕಡ್ಡಿ ಕಡಿಮೆ ಬಿಡಿ. ಬುಡಕ್ಕೆ ಕಬ್ಬಿನ ರವದಿ ದಪ್ಪಗೆ ಹಾಸಿ. ನಾನು ಹಾಸಿದ ಮೇಲೆ ಎರಡು ದಿನಕ್ಕೊಮ್ಮೆ ಬಿಡುತ್ತಿದ್ದ ಡ್ರಿಪ್ ಮೂರು ದಿನಕ್ಕೊಮ್ಮೆ ಆಯಿತು. ಇನ್ನೊಂದು ಮಾತು: 40ನೇ ದಿನದ ನಂತರ ಕಣ್ಣು ಗೊನೆಯಾಗುವ ಹೊತ್ತಿನಲ್ಲಿ ನೀರು ಸ್ವಲ್ಪ ಕಡಿಮೆ ಮಾಡೋದೇ ಸರಿ. ಅತಿ ನೀರು ಅಲ್ಲಿ ಶತ್ರು. ನಿಜವಾಗಿಯೂ ನೀರು ಅರ್ಧ ತೋಟಕ್ಕೆ ಮಾತ್ರ ಇದ್ದರೆ, ಆ ಅರ್ಧಕ್ಕೆ ಸರಿಯಾದ ಹೊತ್ತಿಗೆ ಚಾಟ್ನಿ ಮಾಡಿ ಚೆನ್ನಾಗಿ ನೋಡಿಕೊಳ್ಳಿ. ಪೂರ್ತಿ ತೋಟಕ್ಕೆ ಅರ್ಧಂಬರ್ಧ ಮಾಡಬೇಡಿ.

ಆಳಿಲ್ಲ: ಗ್ಯಾಂಗ್ ಎಲ್ಲರಿಗೂ ಒಂದೇ ವಾರ ಬೇಕು, ಅವರಾದರೂ ಎಲ್ಲಿಗೆ ಅಂತ ಹೋಗಬೇಕು? ಏಪ್ರಿಲ್ ಚಾಟ್ನಿಯ ಕತ್ತರಿ ಕೆಲಸ ಅಕ್ಟೋಬರಿನದಕ್ಕಿಂತ ಸುಲಭ. ಒಂದು ಕಣ್ಣು ಬಿಟ್ಟು ಕತ್ತರಿಸೋದು, ಅಷ್ಟೇ. ಕಣ್ಣಿನ ಲೆಕ್ಕಾಚಾರ ಬೇಕಿಲ್ಲ. ಮನೆಯವರೇ ಕಲಿಯಬಹುದು. ನಾವೀಗ ಪಕ್ಕದ ಮೂರು ತೋಟದವರು ಸೇರಿ ಮುಯ್ಯಿ ಆಳು ಮಾಡಿಕೊಳ್ಳುತ್ತೇವೆ. ಒಬ್ಬರ ತೋಟ ಮುಗಿಸಿ ಇನ್ನೊಬ್ಬರದು. ತೋಟವನ್ನು ಎರಡು ಭಾಗ ಮಾಡಿ ಏಳೆಂಟು ದಿನ ಅಂತರ ಇಟ್ಟರೂ ತೊಂದರೆ ಇಲ್ಲ. ನಲವತ್ತು ದಿನ ಬೇಡ.

ರೇಟಿಲ್ಲ: ರೇಟು ಬಿದ್ದ ವರ್ಷ ಕೈ ಬಿಗಿ ಹಿಡಿಯೋದು ಸಹಜ. ಆದರೆ ಈ ವರ್ಷದ ರೇಟು ನೋಡಿ ಮುಂದಿನ ವರ್ಷದ ಬೆಳೆ ಕಡಿಮೆ ಮಾಡಿಕೊಳ್ಳೋದು ಯಾವ ಲೆಕ್ಕ? ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಗೊನೆ ಇದ್ದರೆ ತಾನೇ ರೇಟಿನ ಮಾತು. ಒಂದು ದುಬಾರಿ ಟಾನಿಕ್ ಬಿಡಿ, ಅಂಗಡಿಯವನು ಕೊಟ್ಟ ಮೂರನೇ ಬಾಟಲಿ ವಾಪಸ್ ಕೊಡಿ. ಕತ್ತರಿಗೆ ಕೊಡೋ ರೊಕ್ಕ ಉಳಿಸಬೇಡಿ.

ಏಪ್ರಿಲ್‌ನಲ್ಲಿ ನಾನು ಮಾಡೋದು

ಕೊಯ್ಲು ಮುಗಿದ ತಕ್ಷಣ ನೀರು ಬಂದ್ ಮಾಡೋ ಅಭ್ಯಾಸ ಬಿಟ್ಟುಬಿಡಿ. ಹಣ್ಣು ಹೊತ್ತು ಸುಸ್ತಾದ ಬಳ್ಳಿ ಆ ಮೂರು ವಾರದಲ್ಲಿ ಬೇರು, ಕಾಂಡದಲ್ಲಿ ಆಹಾರ ಕೂಡಿಡುತ್ತದೆ. ಮುಂದಿನ ಚಿಗುರು ಬರೋದು ಆ ಕೂಡಿಟ್ಟ ಗಂಟಿನಿಂದಲೇ. ಈ ಹೊತ್ತಿಗೇ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಜೊತೆ ಶಿಲಾ ರಂಜಕ, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಸೇರಿಸಿ ಸಾಲಿಗೆ ಕೊಡುತ್ತೇನೆ. ಸಾವಯವದಲ್ಲಿ ರಂಜಕ ನಿಧಾನವಾಗಿ ಸಿಗುತ್ತದೆ. ಕಣ್ಣು ರೂಪುಗೊಳ್ಳುವಾಗ ಬೇಕಾದದ್ದನ್ನು ಮೊದಲೇ ಕೊಟ್ಟಿರಬೇಕು.

ಚಾಟ್ನಿಗೆ ಕತ್ತರಿ ಹರಿತ ಇರಲಿ, ಬಳ್ಳಿಯಿಂದ ಬಳ್ಳಿಗೆ ರೋಗ ದಾಟದ ಹಾಗೆ ಆಗಾಗ ಸ್ಪಿರಿಟ್‌ನಲ್ಲಿ ಒರೆಸಿ. ದೊಡ್ಡ ಗಾಯಕ್ಕೆ ಬೋರ್ಡೋ ಪೇಸ್ಟ್ ಹಚ್ಚಿ. ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಿರಿ, ಹಿಟ್ಟು ತಿಗಣೆ ಅಡಗೋದು ಅಲ್ಲೇ. ಎಲೆ ಇಲ್ಲದ ತೋಳುಗಳು, ನಮ್ಮ ಕಡೆ ಓಲಾಂಡ ಅಂತೀವಲ್ಲ, ಏಪ್ರಿಲ್ ಬಿಸಿಲಿಗೆ ಸುಡುತ್ತವೆ. ಬೆಳಗ್ಗೆ, ಸಂಜೆ ಬರೀ ನೀರು ಸಿಂಪಡಿಸಿದರೆ ತಂಪೂ ಆಗುತ್ತದೆ, ಕಣ್ಣೂ ಒಂದೇ ಸಮನೆ ಒಡೆಯುತ್ತದೆ.

ಹತ್ತು ಹನ್ನೆರಡು ದಿನಕ್ಕೆ ಚಿಗುರು. ನಾಲ್ಕೈದು ಎಲೆ ಬಂದಾಗ ಹೆಚ್ಚಿನ ಕುಡಿ ತೆಗೆಯಬೇಕು. ಇಲ್ಲಿ ಯಾರಿಗೂ ಮನಸ್ಸು ಬರೋದಿಲ್ಲ. "ಇರ್ಲಿ ಬಿಡ್ರಿ, ಗೊನಿ ಜಾಸ್ತಿ ಆಕ್ಕಾವ" ಅಂತ ಬಿಡ್ತಾರೆ. ಆಗೋದು ಉಲ್ಟಾ. ದಟ್ಟವಾದರೆ ಒಳಗೆ ಬಿಸಿಲು ಹೋಗೋದಿಲ್ಲ, ನೆರಳಲ್ಲಿರೋ ಕಣ್ಣು ತಂತುವೇ ಆಗುತ್ತದೆ. ನನ್ನ ತೋಟ 9 ಅಡಿಗೆ 5 ಅಡಿ ಅಂತರದ್ದು, ಎಕರೆಗೆ ಸುಮಾರು 970 ಬಳ್ಳಿ. ಬಳ್ಳಿಗೆ ನಾನು ಬಿಡೋದು 35 ಕಡ್ಡಿ ಒಳಗೆ. ಮಧ್ಯಾಹ್ನ ಚಪ್ಪರದ ಕೆಳಗೆ ನಿಂತರೆ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಕಾಣಬೇಕು. ಅದೇ ನನ್ನ ಅಳತೆ.

ಆಮೇಲೆ ಕುಡಿ ಚಿವುಟೋದು. ಒಂಬತ್ತು ಹತ್ತು ಎಲೆ ಆದಾಗ ಏಳು ಎಲೆ ಉಳಿಸಿ ತುದಿ ಚಿವುಟಿ. ಮೇಲಿನ ಕಣ್ಣಿನಿಂದ ಉಪಕುಡಿ ಬರುತ್ತದೆ, ಅದಕ್ಕೆ ಐದು ಎಲೆ ಆಗೋಕೆ ಬಿಟ್ಟು ಮತ್ತೆ ಚಿವುಟಿ. ಚಿವುಟಿದ ಜಾಗದಲ್ಲಿ ಗಂಟು ಬೀಳುತ್ತದೆ. ಥಾಮ್ಸನ್ ಜಾತಿಯಲ್ಲಿ ಒಳ್ಳೇ ಗೊನೆ ಕಣ್ಣು ಹೆಚ್ಚಾಗಿ ಆ ಗಂಟಿನ ಆಸುಪಾಸೇ ಇರುತ್ತದೆ. ಸುತ್ತಮುತ್ತ ಎಲ್ಲರೂ ಈ ಹೊತ್ತಿನಲ್ಲಿ ಬೆಳವಣಿಗೆ ತಡೆಯೋ ರಾಸಾಯನಿಕ ಸಿಂಪಡಿಸುತ್ತಾರೆ. ಸಾವಯವದವರಿಗೆ ಆ ದಾರಿ ಇಲ್ಲ. ನಮ್ಮ ಕೈಯಲ್ಲಿರೋದು ಚಿವುಟೋ ಬೆರಳು, ಕಡಿಮೆ ಸಾರಜನಕ, ಹಿಡಿತದ ನೀರು. ಈ ಮೂರನ್ನು ಸರಿಯಾದ ಹೊತ್ತಿಗೆ ಮಾಡಿದರೆ ಸಾಕಾಗುತ್ತೆ ಅಂತ ನನ್ನ ಅನುಭವ.

ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕಡ್ಡಿ ಪೆನ್ಸಿಲ್ ದಪ್ಪ ಇದ್ದು, ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿರಬೇಕು. ಹೆಬ್ಬೆರಳು ದಪ್ಪದ ಕಡ್ಡಿ ನೋಡಿ ಖುಷಿ ಪಡಬೇಡಿ, ಅದರಲ್ಲಿ ಗೊನೆ ಕಡಿಮೆ.

ಅಕ್ಟೋಬರ್: ತಾರೀಖು ಫೋನಿನಿಂದ ಬರಬಾರದು

ಈಗ ನಿಮ್ಮ ಕೈಯಲ್ಲಿರೋ ಫೋನಿನ ಬಗ್ಗೆ ಒಂದು ಮಾತು. ವಾಟ್ಸಾಪ್ ಗ್ರೂಪಿನಲ್ಲಿ ನಾಸಿಕ್‌ನ ವಿಡಿಯೋ ಬರುತ್ತದೆ. ಅಲ್ಲಿನ ಬಾಗಲಾಣ ಭಾಗದವರು ಬೇಗ ಮಾರುಕಟ್ಟೆ ಹಿಡಿಯೋಕೆ ಮಳೆಗಾಲದಲ್ಲೇ ಚಾಟ್ನಿ ಮಾಡುತ್ತಾರೆ. ಅವರ ಹವೆ ಬೇರೆ, ಅವರು ಮಾರೋದು ತಿನ್ನೋ ಹಣ್ಣು, ಅವರು ಔಷಧಕ್ಕೆ ಮಾಡೋ ಖರ್ಚು ಬೇರೆ. ಅದನ್ನು ನೋಡಿ ನಮ್ಮೂರ ಒಬ್ಬ ಗೆಳೆಯ ಸೆಪ್ಟೆಂಬರ್ ಮೊದಲ ವಾರ ಚಾಟ್ನಿ ಮಾಡಿದ. ಮೂರು ಎಲೆ ಹಂತದಲ್ಲಿ ಹಿಡಿದ ಮಳೆ ಹೂ ಬರೋ ತನಕ ಬಿಡಲಿಲ್ಲ. ಎಲೆಯ ಕೆಳಗೆ ಬಿಳಿ ಬೂಸ್ಟು, ಗೊನೆ ಕಂದಾಗಿ ಉದುರಿತು. ಮೂರು ಎಲೆಯಿಂದ ಕಾಯಿ ಕಟ್ಟೋ ತನಕ, ಅಂದಾಜು 15ರಿಂದ 45 ದಿನ, ಡೌನಿಗೆ ಬಾಗಿಲು ತೆರೆದಿಟ್ಟ ಕಾಲ. ಬೋರ್ಡೋ, ಟ್ರೈಕೊಡರ್ಮಾ, ಬ್ಯಾಸಿಲಸ್ ಇಷ್ಟನ್ನೇ ನಂಬಿರೋ ಸಾವಯವ ತೋಟ ಆ ಹೊತ್ತಿನಲ್ಲಿ ನಿರಂತರ ಮಳೆ ತಡೆಯೋದಿಲ್ಲ. ಇದನ್ನು ನಾನು ಮುಚ್ಚಿಡೋದಿಲ್ಲ.

ಅದಕ್ಕೇ ನಮ್ಮ ಕಡೆ ನನ್ನ ಆಯ್ಕೆ ಅಕ್ಟೋಬರ್ 5ರಿಂದ 25ರ ಒಳಗೆ, ಎರಡು ತುಂಡು, ಹತ್ತು ದಿನ ಅಂತರ. ಒಂದು ತುಂಡು ಮಳೆಗೆ ಸಿಕ್ಕರೆ ಇನ್ನೊಂದು ಉಳಿಯುತ್ತದೆ. ಫೋನಿನಲ್ಲಿ ನೋಡಬೇಕಾದದ್ದು ಮುಂದಿನ ಏಳು ದಿನದ ಮುನ್ಸೂಚನೆ. ಬೇರೆ ಜಿಲ್ಲೆಯವರ ತಾರೀಖು ಅಲ್ಲ.

ಎಷ್ಟು ಕಣ್ಣಿಗೆ ಕತ್ತರಿಸಬೇಕು ಅನ್ನೋದನ್ನೂ ಕೇಳಿ ತಿಳಿಯೋದಲ್ಲ, ನೋಡಿ ತಿಳಿಯೋದು. ಸೆಪ್ಟೆಂಬರ್‌ನಲ್ಲಿ ಬೇರೆ ಬೇರೆ ಬಳ್ಳಿಯಿಂದ ಕಡ್ಡಿ ತೆಗೆದು ಲ್ಯಾಬಿನಲ್ಲಿ ಕಣ್ಣು ಪರೀಕ್ಷೆ ಮಾಡಿಸಬಹುದು. ಸೂಕ್ಷ್ಮದರ್ಶಕದಲ್ಲಿ ಎಷ್ಟನೇ ಕಣ್ಣಿನಲ್ಲಿ ಗೊನೆ ಇದೆ ಅಂತ ಕಾಣುತ್ತದೆ. ಅದು ಆಗದಿದ್ದರೆ ನಮ್ಮ ಹಿರಿಯರ ಉಪಾಯ ಇದೆ: ಮುಖ್ಯ ಚಾಟ್ನಿಗೆ ಮೂರು ವಾರ ಮೊದಲು ತೋಟದ ಐದಾರು ಬಳ್ಳಿ ಕತ್ತರಿಸಿ. ಒಂದನ್ನು ಗಂಟಿನ ಮೇಲೆ ಒಂದು ಕಣ್ಣಿಗೆ, ಇನ್ನೊಂದನ್ನು ಎರಡು ಕಣ್ಣಿಗೆ, ಮತ್ತೊಂದನ್ನು ಗಂಟಿನ ಕೆಳಗೆ. ಎರಡು ವಾರಕ್ಕೆ ಗೊನೆ ಎಲ್ಲಿ ಬರುತ್ತದೆ ಅಂತ ಬಳ್ಳಿಯೇ ಹೇಳುತ್ತದೆ. ಕಪ್ಪು ಶರದ್ ಜಾತಿಯಲ್ಲಿ ಥಾಮ್ಸನ್‌ಗಿಂತ ಕೆಳಗಿನ ಕಣ್ಣುಗಳಲ್ಲೇ ಗೊನೆ ಸಿಗುತ್ತದೆ. ಎರಡಕ್ಕೂ ಒಂದೇ ಅಳತೆ ಹಿಡಿಯೋದು ತಪ್ಪು.

ಪೇಸ್ಟ್ ಬಗ್ಗೆ ನನ್ನ ನಿಲುವು

ಕಣ್ಣು ಒಂದೇ ಸಮನೆ ಒಡೆಯಲಿ ಅಂತ ಅಕ್ಟೋಬರ್ ಚಾಟ್ನಿ ನಂತರ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ನಮ್ಮ ಭಾಷೆಯಲ್ಲಿ 'ಪೇಸ್ಟ್'. ಕೆಲಸ ಮಾಡುತ್ತದೆ, ಸುಳ್ಳಲ್ಲ. ಸಾವಯವದಲ್ಲಿ ನಿಷಿದ್ಧ ಅನ್ನೋದು ಒಂದು ಕಡೆ. ನನ್ನ ತಕರಾರು ಅದನ್ನು ಹಚ್ಚೋ ಕೈಗಳ ಬಗ್ಗೆ. ಸ್ಪಂಜು ಹಿಡಿದು ಬರಿಗೈಯಲ್ಲಿ ಹಚ್ಚುವವರನ್ನು ಎಷ್ಟೋ ತೋಟದಲ್ಲಿ ನೋಡಿದ್ದೀನಿ. ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ದೊಡ್ಡ ಅಪಾಯ. ಅದಕ್ಕಿಂತ ಮುಖ್ಯ, ಇದು ಮೈಗೆ ಸೇರಿದ ಮೇಲೆ ದಾರು ಕುಡಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿ, ಉಸಿರಾಟದ ತೊಂದರೆ ಆಗುತ್ತದೆ. ಮೈ ನೋವಿಗೆ ಸಂಜೆ ಒಂದು ಗುಟುಕು ಹಾಕೋ ಆಳಿಗೆ ಇದನ್ನು ಯಾರೂ ಹೇಳೋದಿಲ್ಲ. ನೀವು ಪೇಸ್ಟ್ ಬಳಸುವವರೇ ಆದರೂ ದಯವಿಟ್ಟು ರಬ್ಬರ್ ಗ್ಲೌಸ್, ಕನ್ನಡಕ ಕೊಡಿ. ಕೆಲಸದ ಹಿಂದಿನ ದಿನ, ಆ ದಿನ, ಆಮೇಲೂ ಕೆಲವು ದಿನ ಕುಡಿಯಬೇಡಿ ಅಂತ ಬಾಯಿಬಿಟ್ಟು ಹೇಳಿ. ಇದು ಸಾವಯವ, ರಾಸಾಯನಿಕದ ಜಗಳವಲ್ಲ.

ಪೇಸ್ಟ್ ಇಲ್ಲದೆ ನಾನೇನು ಮಾಡ್ತೀನಿ? ಚಾಟ್ನಿಗೆ ಹತ್ತು ಹನ್ನೆರಡು ದಿನ ಮೊದಲು ನೀರು ಕಡಿಮೆ ಮಾಡಿ, ಕೈಯಿಂದ ಎಲೆ ಕಿತ್ತುಹಾಕ್ತೀವಿ. ಬಿಸಿಲಿಗೆ ತೆರೆದ ಕಣ್ಣು ಉಬ್ಬುತ್ತದೆ. ಕತ್ತರಿಸಿದ ಮೇಲೆ ಕಡ್ಡಿಯನ್ನು ಮೆಲ್ಲಗೆ ಚಟ್ ಅನ್ನೋ ಸದ್ದು ಬರೋ ತನಕ ತಿರುಚುತ್ತೇವೆ. ಇದರಿಂದ ತುದಿ ಕಣ್ಣಿನ ದರ್ಬಾರು ಕಡಿಮೆಯಾಗಿ ಕೆಳಗಿನ ಕಣ್ಣುಗಳೂ ಏಳುತ್ತವೆ. ಬೆಳ್ಳುಳ್ಳಿ ಅರೆದು ಕತ್ತರಿಸಿದ ತುದಿಗೆ ಹಚ್ಚೋದನ್ನು 1990ರ ದಶಕದಲ್ಲೇ ಜಪಾನಿನ ಸಂಶೋಧಕರು ಪರೀಕ್ಷಿಸಿ ಕಣ್ಣು ಬೇಗ ಒಡೆಯುತ್ತದೆ ಅಂತ ತೋರಿಸಿದ್ದಾರೆ. ನಾನೂ ಎರಡು ಸಾಲಿಗೆ ಹಚ್ಚಿ ನೋಡಿದೆ. ಪೇಸ್ಟ್‌ನಷ್ಟು ಒಂದೇ ಸಮನೆ ಬರಲಿಲ್ಲ, ಏನೂ ಹಚ್ಚದ ಸಾಲಿಗಿಂತ ಚೆನ್ನಾಗಿ ಬಂತು. ನನ್ನ ತೋಟದಲ್ಲಿ ಕಣ್ಣು ಒಡೆಯೋದು ನಾಲ್ಕೈದು ದಿನ ಹಿಂದೆ ಮುಂದೆ ಆಗುತ್ತೆ. ಒಣದ್ರಾಕ್ಷಿಗೆ ಅದು ನಡೆಯುತ್ತೆ. ರಫ್ತಿಗೆ ಒಂದೇ ಸಮನೆ ಹಣ್ಣು ಬೇಕು ಅನ್ನುವವರಿಗೆ ಕಷ್ಟ, ಒಪ್ಪಿಕೊಳ್ತೀನಿ.

ಚಿಕ್ಕಬಳ್ಳಾಪುರದ ಗೆಳೆಯರಿಗೆ

ಮೇಲಿನ ತಾರೀಖುಗಳು ನಿಮಗಲ್ಲ. ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಬೆಂಗಳೂರು ಬ್ಲೂ ಬೇರೆ ಸ್ವಭಾವದ ಬಳ್ಳಿ. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಬುಡದ ಕಣ್ಣಿನಲ್ಲೇ ಗೊನೆ ಇರುತ್ತದೆ, ಮಳೆಯನ್ನೂ ನಮ್ಮ ಥಾಮ್ಸನ್‌ಗಿಂತ ಚೆನ್ನಾಗಿ ತಡೆಯುತ್ತದೆ. ನಿಮ್ಮಲ್ಲಿ ಚಾಟ್ನಿ ತಾರೀಖನ್ನು ಮಾರುಕಟ್ಟೆ ನೋಡಿ ಇಡಬಹುದು. ಆದರೂ ಒಂದು ಮಾತು ನಿಮಗೂ ಸಲ್ಲುತ್ತದೆ: ಕೊಯ್ಲು ಮುಗಿದ ಮರುವಾರವೇ ಕತ್ತರಿ ಹಾಕಿ ಬಳ್ಳಿಯನ್ನು ಓಡಿಸಬೇಡಿ. ವಿಶ್ರಾಂತಿ ಇಲ್ಲದ ಬಳ್ಳಿ ಬೇಗ ಮುದಿಯಾಗುತ್ತದೆ.

ಗೋಡೆಗೆ ಅಂಟಿಸಿಕೊಳ್ಳಿ

ನಮ್ಮ ಪಂಪ್‌ಶೆಡ್ ಗೋಡೆ ಮೇಲೆ ಈ ಪಟ್ಟಿ ಇದೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನಿಮ್ಮ ಹವೆಗೆ ತಕ್ಕಂತೆ ತಿದ್ದಿಕೊಳ್ಳಿ.

- ಮಾರ್ಚ್: ಕೊಯ್ಲಿನ ನಂತರ ವಿಶ್ರಾಂತಿ, ಗೊಬ್ಬರ, ಹದವಾಗಿ ನೀರು.
- ಏಪ್ರಿಲ್ 1–20: ಒಂದು ಕಣ್ಣಿಗೆ ಚಾಟ್ನಿ. ತೋಳಿಗೆ ನೀರು ಸಿಂಪಡಣೆ.
- ಏಪ್ರಿಲ್ ಕೊನೆ, ಮೇ: ಹೆಚ್ಚಿನ ಕುಡಿ ತೆಗೆಯೋದು, ಏಳು ಎಲೆಗೆ ಚಿವುಟೋದು.
- ಮೇ ಕೊನೆ, ಜೂನ್: ಕಣ್ಣು ಗೊನೆಯಾಗೋ ಕಾಲ. ನೀರು ಹಿಡಿತದಲ್ಲಿ, ಸಾರಜನಕ ಬೇಡ, ಬಿಸಿಲು ಒಳಗೆ ಬರಲಿ.
- ಜುಲೈ–ಸೆಪ್ಟೆಂಬರ್: ಕಡ್ಡಿ ಮಾಗೋದು. ಹೊಸ ತುದಿ ಚಿವುಟುತ್ತಿರಿ, ಎಲೆ ಆರೋಗ್ಯ ಕಾಪಾಡಿ.
- ಸೆಪ್ಟೆಂಬರ್: ಕಣ್ಣು ಪರೀಕ್ಷೆ ಅಥವಾ ಐದಾರು ಬಳ್ಳಿ ಮಾದರಿ ಚಾಟ್ನಿ.
- ಅಕ್ಟೋಬರ್ 5–25: ಎಲೆ ಕಿತ್ತು, ಎರಡು ತುಂಡಾಗಿ ಹಣ್ಣಿನ ಚಾಟ್ನಿ. ಕಡ್ಡಿ ತಿರುಚೋದು. ಮೂರು ಎಲೆಯಿಂದ ಡೌನಿ ಮೇಲೆ ಕಣ್ಣು.

ಕತ್ತರಿಸಿದ ಕಡ್ಡಿಗೆ ಬೆಂಕಿ ಹಾಕಬೇಡಿ. ರೋಗ ಇರೋದನ್ನು ಮಾತ್ರ ಹೊರಗೆ ಸಾಗಿಸಿ, ಉಳಿದದ್ದನ್ನು ಪುಡಿ ಮಾಡಿ ಕಾಂಪೋಸ್ಟ್ ಗುಂಡಿಗೆ ಹಾಕಿ.

ಕಳೆದ ವಾರ ಒಬ್ಬ ಹುಡುಗ ಫೋನ್ ಮಾಡಿದ್ದ. ಅವನಪ್ಪ ತೀರಿಕೊಂಡು ವರ್ಷವಾಗಿದೆ, ಮೂರು ಎಕರೆ, ಮೊದಲ ಸಲ ಅವನೇ ನಿಂತು ಚಾಟ್ನಿ ಮಾಡಿಸಬೇಕು. ಗ್ಯಾಂಗ್ ಮೇ ಎರಡನೇ ವಾರ ಅಂದಿದ್ದಾರಂತೆ. "ಕಾಯ್ಲ್ಯಾ ಸರ್?" ಅಂದ. ನಾನು ಅವನಿಗೆ 2020ರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕತ್ತರಿ ಎಷ್ಟ್ ಬೇಕಾಕ್ಕಾವ್ರಿ?" ಅಂತ ಕೇಳಿದ. ನಾಲ್ಕು ತಗೋ ಅಂದೆ. ಏಪ್ರಿಲ್ 8ಕ್ಕೆ ಶುರು ಮಾಡ್ತಾನೆ. ಮೊದಲ ದಿನ ನಾನೂ ಹೋಗ್ತಿದ್ದೀನಿ.

ನಿಮ್ಮ ತಾರೀಖು ಯಾವುದು? ಇವತ್ತೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.